ಎತ್ತದ ಕರೆಗೂ ಒಂದು ಸಾಲು: ಕಾಲ್ ಸೆಂಟರ್ ವರದಿ ತಯಾರಿಸುವವರಿಗೆ

ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಬಿಳೂರ ಮಹಾರಾಷ್ಟ್ರದ ನಕಾಶೆಯಲ್ಲಿದೆ, ಮನೆಮಾತು ಕನ್ನಡ. ಜೋಳ, ಸಜ್ಜೆಯ ಬರದ ಸೀಮೆ ಇದು. ನೀರಿನ ಆಸರೆ ಇದ್ದಲ್ಲಿ ದ್ರಾಕ್ಷಿ, ದಾಳಿಂಬೆ. ದಾಳಿಂಬೆ ಕಾಯಿಯ ಮೇಲೆ ಎಣ್ಣೆ ಹನಿಸಿದಂಥ ಕಪ್ಪು ಮಚ್ಚೆ ಬಿದ್ದು, ಮಚ್ಚೆಯ ನಡುವೆ ಕಾಯಿ ಸೀಳಿದರೆ ಈ ಕಡೆಯ ರೈತರು ಅದನ್ನು ‘ತೇಲ್ಯಾ’ ಎನ್ನುತ್ತಾರೆ. ಅಂಥ ರೈತ ತೋಟದಲ್ಲೇ ನಿಂತು 1800-180-1551 ಒತ್ತಿದರೆ ಕೇಂದ್ರ ಸರ್ಕಾರದ ಕಿಸಾನ್ ಕಾಲ್ ಸೆಂಟರ್ ಸಿಗಬೇಕು. 2004ರ ಜನವರಿ 21ರಂದು ಶುರುವಾದ ಈ ಸೇವೆ ವಾರದ ಏಳೂ ದಿನ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, 22 ಭಾಷೆಗಳಲ್ಲಿ, ಪುಕ್ಕಟೆಯಾಗಿ ನಡೆಯುತ್ತದೆ. ಆ ಕರೆ ಮೂರು ರೀತಿ ಮುಗಿಯಬಹುದು. ಆಚೆ ಕಡೆಯವರು ಫೋನ್ ಎತ್ತಿ, ಮಾತು ತಿಳಿದು, ಏನು ಸಿಂಪಡಿಸಬೇಕೆಂದು ಹೇಳಬಹುದು. ಎತ್ತಿದವರಿಗೆ ಕನ್ನಡ ಬಾರದೆ, ರೈತನಿಗೆ ರೋಗಲಕ್ಷಣವನ್ನು ಮರಾಠಿಯಲ್ಲಿ ಬಿಡಿಸಿ ಹೇಳಲಾಗದೆ, ಮಾತು ಅರ್ಧಕ್ಕೇ ನಿಲ್ಲಬಹುದು. ಇಲ್ಲವೇ ಕಾದು ಬೇಸತ್ತು ಅವನೇ ಕಟ್ ಮಾಡಬಹುದು. ಸಾಮಾನ್ಯವಾಗಿ ಕಾಲ್ ಸೆಂಟರ್‌ಗಳ ತಿಂಗಳ ವರದಿಯಲ್ಲಿ ಮೊದಲನೆಯದು ಲೆಕ್ಕಕ್ಕೆ ಬಂದಿರುತ್ತದೆ. ಎರಡನೆಯದು ಮೊದಲನೆಯದರ ಜತೆಗೇ ಸೇರಿಹೋಗಿರುತ್ತದೆ. ಮೂರನೆಯದು ಎಷ್ಟೋ ಸಲ ಬಂದೇ ಇರುವುದಿಲ್ಲ. ಡೇಟಾಬೇಸಿನಿಂದ ವರದಿ ತೆಗೆಯುವವರಿಗೆ ಹೇಳಬೇಕಾದ ಸೂಚನೆಗಳು ಹಲವು ಇದ್ದರೂ ನನ್ನ ಲೆಕ್ಕದಲ್ಲಿ ಎಲ್ಲದರ ಬೇರು ಒಂದೇ. ಉತ್ತರ ಸಿಗದವನಿಗೂ ಕೋಷ್ಟಕದಲ್ಲಿ ಒಂದು ಸಾಲು ಇರಬೇಕು. ಆ ಸಾಲು ಇಲ್ಲದಿದ್ದರೆ ಎಂಥ ಚಂದದ ಗ್ರಾಫ್ ಬರೆದರೂ ವರದಿ ಸುಳ್ಳು ಹೇಳುತ್ತದೆ.

ಕಿಸಾನ್ ಕಾಲ್ ಸೆಂಟರಿನದೇ ದಾಖಲೆ ನೋಡಿ. ಬಂದ ಪ್ರಶ್ನೆ, ಕೊಟ್ಟ ಉತ್ತರಗಳನ್ನು ಕೇಂದ್ರ ಸರ್ಕಾರ ತನ್ನ ಮುಕ್ತ ದತ್ತಾಂಶ ತಾಣದಲ್ಲಿ ಇಟ್ಟಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸಹಾಯವಾಣಿಯೊಂದು ತನ್ನ ಸಂಭಾಷಣೆಯ ತಿರುಳನ್ನು ಹೀಗೆ ಸಾಲು ಸಾಲಾಗಿ ಜನರ ಮುಂದಿಡುವುದು ದೊಡ್ಡ ಕೆಲಸ, ಅದನ್ನು ಮನಸಾರೆ ಮೆಚ್ಚಬೇಕು. ಒಂದೊಂದು ಸಾಲಿನಲ್ಲೂ ರಾಜ್ಯ, ಜಿಲ್ಲೆ, ಬ್ಲಾಕ್, ಹಂಗಾಮು, ಬೆಳೆ, ಪ್ರಶ್ನೆಯ ಬಗೆ, ಪ್ರಶ್ನೆಯ ಸಾರ, ಕೊಟ್ಟ ಉತ್ತರ, ದಾಖಲಾದ ದಿನ ಇರುತ್ತವೆ. ಹವಾಮಾನ ಕೇಳಿದ ಸಾಲುಗಳು ರಾಶಿ ರಾಶಿ ಸಿಗುತ್ತವೆ. ಆದರೆ ಕರೆ ಯಾವ ಭಾಷೆಯಲ್ಲಿ ನಡೆಯಿತು ಎನ್ನುವ ಅಂಕಣ ಆ ಕೋಷ್ಟಕದಲ್ಲಿ ಇಲ್ಲ. ಎಷ್ಟು ಹೊತ್ತು ಕಾದ ಮೇಲೆ ಫೋನ್ ಎತ್ತಿದರು ಎನ್ನುವುದಿಲ್ಲ. ಎತ್ತದೆ ಹೋದ ಕರೆಗೆ ಸಾಲೇ ಇಲ್ಲ, ಏಕೆಂದರೆ ಸಾಲು ಹುಟ್ಟುವುದೇ ಸಲಹೆಗಾರರು ಪ್ರಶ್ನೆ ಬರೆದುಕೊಂಡಾಗ. ಜತ್ತ ತಾಲೂಕಿನ ರೈತರು ಏನು ಕೇಳುತ್ತಾರೆ ಎಂದು ಈ ಕೋಷ್ಟಕದಿಂದ ತಿಳಿಯಬಹುದು. ಅಲ್ಲಿನ ಕನ್ನಡ ರೈತರಿಗೆ ಕೇಳಲು ಸಾಧ್ಯವಾಯಿತೇ ಎಂದು ತಿಳಿಯಲಾಗದು. ಈ ತಾಲೂಕಿನ ಸಾಲುಗಳು ಕಡಿಮೆ ಇದ್ದರೆ ಎರಡು ಅರ್ಥ ಮಾಡಬಹುದು: ಇಲ್ಲಿ ತೊಂದರೆ ಕಡಿಮೆ, ಅಥವಾ ಇಲ್ಲಿಯ ಕರೆ ದಡ ಮುಟ್ಟುತ್ತಿಲ್ಲ. ಯಾವುದು ನಿಜವೆಂದು ಹೇಳಬಲ್ಲ ಅಂಕಿ ಕೋಷ್ಟಕದ ಹೊರಗೇ ಉಳಿದಿದೆ.

ಹೊರಗೆ ಎಂದರೆ ಎಲ್ಲಿ? ಪ್ರತಿ ಕಾಲ್ ಸೆಂಟರಿನಲ್ಲೂ ಎರಡು ದಾಖಲೆಗಳು ಹುಟ್ಟುತ್ತವೆ. ಒಂದನ್ನು ಫೋನ್ ವ್ಯವಸ್ಥೆ ತಾನಾಗಿಯೇ ಬರೆಯುತ್ತದೆ. ಇನ್ನೊಂದನ್ನು ದೂರು ಅಥವಾ ಪ್ರಶ್ನೆ ದಾಖಲಿಸುವ ಸಾಫ್ಟ್‌ವೇರಿನಲ್ಲಿ ಸಿಬ್ಬಂದಿ ಬರೆಯುತ್ತಾರೆ. ವರದಿಗಳು ಹೆಚ್ಚಾಗಿ ಎರಡನೆಯದರಿಂದ ಬರುತ್ತವೆ, ಅದು ಓದಲು ಸುಲಭ. ಮೊದಲನೆಯದನ್ನು ಬಿಲ್ ತಾಳೆ ನೋಡಲು ಇಟ್ಟುಕೊಂಡು ಮರೆತುಬಿಡುತ್ತಾರೆ. ಎರಡನ್ನೂ ಒಂದೇ ಕರೆ ಗುರುತಿನಿಂದ ಜೋಡಿಸುವುದು ಒಳ್ಳೆಯ ವರದಿಯ ಅಡಿಪಾಯ. ಜೋಡಿಸುವಾಗ ಫೋನ್ ದಾಖಲೆಯಿಂದ ಹೊರಡಬೇಕು. ಅಲ್ಲಿರುವ ಪ್ರತಿ ಕರೆಯನ್ನೂ ಹಿಡಿದು, ಅದಕ್ಕೆ ದೂರಿನ ಸಾಲು ಇದ್ದರೆ ಪಕ್ಕದಲ್ಲಿ ಇಡಬೇಕು, ಇಲ್ಲದಿದ್ದರೆ ಆ ಜಾಗವನ್ನು ಖಾಲಿ ತೋರಿಸಬೇಕು. ಡೇಟಾಬೇಸ್ ಭಾಷೆಯಲ್ಲಿ ಇದಕ್ಕೆ ಲೆಫ್ಟ್ ಜಾಯಿನ್ ಎನ್ನುತ್ತಾರೆ. ಅದರ ಬದಲು ಇನ್ನರ್ ಜಾಯಿನ್ ಬರೆದರೆ ಎರಡೂ ಕಡೆ ಇರುವ ಕರೆಗಳಷ್ಟೇ ಉಳಿದು, ಖಾಲಿ ಜಾಗಗಳೆಲ್ಲ ಸದ್ದಿಲ್ಲದೆ ಉದುರಿಹೋಗುತ್ತವೆ. ಒಂದು ಶಬ್ದ ಬದಲಾದರೆ ಬಿಳೂರದ ರೈತ ವರದಿಯಿಂದಲೇ ಮಾಯ.

ಫೋನ್ ದಾಖಲೆಯನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಜಗತ್ತಿನಾದ್ಯಂತ ಸಣ್ಣ, ನಡುಮಟ್ಟದ ಕಾಲ್ ಸೆಂಟರ್‌ಗಳು ಬಳಸುವ ಅಸ್ಟರಿಸ್ಕ್ ಎಂಬ ಉಚಿತ ಸಾಫ್ಟ್‌ವೇರನ್ನೇ ಹತ್ತಿರದಿಂದ ನೋಡೋಣ. ಅದರ ಕರೆ ವಿವರ ದಾಖಲೆಯಲ್ಲಿ, ಅಂದರೆ ಸಿಡಿಆರ್‌ನಲ್ಲಿ, ಕರೆಯ ಗತಿ ಏನಾಯಿತು ಎಂಬ ಒಂದು ಅಂಕಣವಿದೆ. ಅಲ್ಲಿ ‘ಆನ್ಸರ್ಡ್’ ಎಂದಿದ್ದರೆ ಮನುಷ್ಯರು ಎತ್ತಿದರೆಂದು ಓದುವುದು ಸಹಜ. ಆದರೆ ಸಾಮಾನ್ಯವಾಗಿ ‘ಮರಾಠಿಗೆ ಒಂದು ಒತ್ತಿ’ ಎನ್ನುವ ಧ್ವನಿ ಕೇಳಿಸಬೇಕಾದರೆ ಯಂತ್ರ ಮೊದಲು ಕರೆಯನ್ನು ಎತ್ತಿರುತ್ತದೆ, ಆ ಕ್ಷಣಕ್ಕೇ ‘ಆನ್ಸರ್ಡ್’ ದಾಖಲಾಗುತ್ತದೆ. ಮುಂದೆ ಹತ್ತು ನಿಮಿಷ ಸಂಗೀತ ಕೇಳಿ ಕಟ್ ಮಾಡಿದವನೂ ಆ ದಾಖಲೆಯಲ್ಲಿ ಉತ್ತರ ಪಡೆದವನೇ. ನಿಜ ಸಂಗತಿ ಇನ್ನೊಂದು ಕಡೆ, ಕ್ಯೂ ಲಾಗ್‌ನಲ್ಲಿ ಇರುತ್ತದೆ. ಕರೆ ಸಾಲಿಗೆ ಸೇರಿದಾಗ ಎಂಟರ್‌ಕ್ಯೂ, ಸಿಬ್ಬಂದಿ ಮಾತಿಗೆ ಸಿಕ್ಕಾಗ ಕನೆಕ್ಟ್, ಕಾದವರು ಬಿಟ್ಟುಹೋದಾಗ ಅಬ್ಯಾಂಡನ್ ಎಂದು ಅದು ಬರೆದುಕೊಳ್ಳುತ್ತದೆ. ಅಬ್ಯಾಂಡನ್ ಜತೆ ಆ ಹೊತ್ತಿಗೆ ಕರೆ ಸಾಲಿನಲ್ಲಿ ಎಷ್ಟನೆಯದಾಗಿತ್ತು, ಎಷ್ಟು ಸೆಕೆಂಡ್ ಕಾದಿತ್ತು ಎಂಬುದೂ ಇರುತ್ತದೆ. ‘ಎಷ್ಟು ಕರೆಗೆ ಉತ್ತರ ಸಿಕ್ಕಿತು’ ಎಂಬ ಪ್ರಶ್ನೆಗೆ ಇಲ್ಲಿನ ಕನೆಕ್ಟ್ ಎಣಿಸಿ ಉತ್ತರಿಸಬೇಕು. ಬೇರೆ ಕಂಪನಿಗಳ ವ್ಯವಸ್ಥೆಯಲ್ಲಿ ಹೆಸರು ಬೇರೆ ಇರಬಹುದು, ಯಂತ್ರ ಎತ್ತಿದ್ದಕ್ಕೂ ಮನುಷ್ಯರು ಎತ್ತಿದ್ದಕ್ಕೂ ಇರುವ ವ್ಯತ್ಯಾಸ ಎಲ್ಲ ಕಡೆಯೂ ಅದೇ. ಹೊಸ ವ್ಯವಸ್ಥೆ ಕೈಗೆ ಬಂದಾಗ ಮೊದಲು ಮಾಡಬೇಕಾದ ಪರೀಕ್ಷೆ ಸರಳ. ಒಂದು ಫೋನಿನಿಂದ ಕರೆ ಮಾಡಿ, ಯಾರೂ ಎತ್ತುವ ಮೊದಲೇ ಇಟ್ಟು, ಆ ಕರೆ ಎಲ್ಲೆಲ್ಲಿ ಏನೆಂದು ದಾಖಲಾಯಿತು ನೋಡುವುದು.

ಎಣಿಕೆಯಲ್ಲಿ ಇನ್ನೊಂದು ತೊಡಕು ಇದೆ. ಕರೆ, ಕರೆ ಮಾಡಿದವರು, ದೂರು ಈ ಮೂರೂ ಬೇರೆ ಬೇರೆ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಬರಲಿಲ್ಲವೆಂದು ಒಂದೇ ಓಣಿಯಿಂದ ಹನ್ನೆರಡು ಮಂದಿ ಹದಿನೆಂಟು ಸಲ ಫೋನ್ ಮಾಡಿದರೆ ದೂರು ಒಂದು, ಜನ ಹನ್ನೆರಡು, ಕರೆ ಹದಿನೆಂಟು. ಯಾವ ಅಂಕಿ ಸರಿ ಎಂದು ಕೇಳಿದರೆ ಮೂರೂ ಸರಿ; ತಲೆಬರಹದಲ್ಲಿ ಯಾವುದೆಂದು ಹೇಳದೆ ಇರುವುದು ತಪ್ಪು. ಕ್ಯೂ ಲಾಗ್‌ನಲ್ಲಿ ಒಂದು ಕರೆ ಮೂವರು ಸಿಬ್ಬಂದಿಯ ಮೇಜಿನಲ್ಲಿ ರಿಂಗಾಗಿ ಯಾರೂ ಎತ್ತದಿದ್ದರೆ ಮೂರು ಸಾಲು ಹುಟ್ಟುತ್ತವೆ. ಸಾಲುಗಳನ್ನೇ ಕರೆಗಳೆಂದು ಎಣಿಸಿದವರು ಎತ್ತದ ಕರೆಗಳನ್ನು ಮೂರು ಪಟ್ಟು ಮಾಡಿಬಿಡುತ್ತಾರೆ. ಕರೆಯನ್ನು ಬೇರೆಯವರಿಗೆ ದಾಟಿಸಿದಾಗಲೂ ಸಿಡಿಆರ್‌ನಲ್ಲಿ ಹೊಸ ಸಾಲು ಬೀಳಬಹುದು. ಅವನ್ನೆಲ್ಲ ಒಟ್ಟುಗೂಡಿಸುವ ಗುರುತು ಬೇರೆಯೇ ಇರುತ್ತದೆ, ಅಸ್ಟರಿಸ್ಕ್‌ನಲ್ಲಿ ಅದರ ಹೆಸರು ಲಿಂಕ್ಡ್‌ಐಡಿ. ಎತ್ತದ ಕರೆಯನ್ನು ಎಣಿಸಿ ಎನ್ನುವ ನನ್ನ ವಾದವನ್ನು ಹಿಡಿದು ಅಂಕಿಯನ್ನು ಉಬ್ಬಿಸಿದರೆ ವಾದವೇ ಕೆಡುತ್ತದೆ. ಆದ್ದರಿಂದ ವರದಿಯ ಮೊದಲ ಪುಟದಲ್ಲಿ ಅರ್ಧ ಪುಟದಷ್ಟಾದರೂ ವ್ಯಾಖ್ಯೆಗಳು ಇರಲಿ, ಪ್ರತಿ ತಿಂಗಳೂ ಅವೇ ಇರಲಿ. ವ್ಯಾಖ್ಯೆ ಬದಲಾದ ತಿಂಗಳಲ್ಲಿ ಹಳೆಯ ರೀತಿಯ ಅಂಕಿಯನ್ನೂ ಪಕ್ಕದಲ್ಲಿ ಕೊಡಬೇಕು.

ಕಾಯುವ ಸಮಯದ ಸರಾಸರಿಯಲ್ಲಿ ಇದೇ ಬೇರು ಮತ್ತೆ ತಲೆ ಎತ್ತುತ್ತದೆ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ: ಒಂಬತ್ತು ಮಂದಿ ಹತ್ತು ಹತ್ತು ಸೆಕೆಂಡ್ ಕಾದರು, ಒಬ್ಬ ಹತ್ತು ನಿಮಿಷ ಕಾದ. ಸರಾಸರಿ 69 ಸೆಕೆಂಡ್. ಅಷ್ಟು ಹೊತ್ತು ಕಾದವರು ಆ ಹತ್ತು ಮಂದಿಯಲ್ಲಿ ಒಬ್ಬರೂ ಇಲ್ಲ. ಇನ್ನು ಆ ಹತ್ತು ನಿಮಿಷದವನು ಬೇಸತ್ತು ಕಟ್ ಮಾಡಿದನೆನ್ನಿ. ಬಹಳಷ್ಟು ವರದಿಗಳು ಉತ್ತರ ಸಿಕ್ಕವರ ಕಾಯುವಿಕೆಯನ್ನಷ್ಟೇ ಲೆಕ್ಕ ಹಾಕುವುದರಿಂದ ಸರಾಸರಿ ಈಗ ಹತ್ತು ಸೆಕೆಂಡಿಗೆ ಇಳಿಯಿತು. ಒಬ್ಬ ಮನುಷ್ಯ ನಿರಾಶನಾಗಿ ಹೋದದ್ದರಿಂದ ವರದಿ ಸುಧಾರಿಸಿತು. ಇದಕ್ಕೆ ಮದ್ದು ಎಂದರೆ ಬಿಟ್ಟುಹೋದವರ ಕಾಯುವಿಕೆಯನ್ನು ಪ್ರತ್ಯೇಕ ಸಾಲಿನಲ್ಲಿ ಕೊಡುವುದು, ಸರಾಸರಿಯ ಜತೆ ನಡುಮೌಲ್ಯವನ್ನೂ, ನೂರರಲ್ಲಿ ತೊಂಬತ್ತೈದನೆಯವರು ಎಷ್ಟು ಕಾದರು ಎನ್ನುವುದನ್ನೂ ಕೊಡುವುದು. ಸರಾಸರಿಗಳ ಸರಾಸರಿ ಮಾಡುವ ರೂಢಿಯನ್ನೂ ಬಿಡಬೇಕು. ಬೆಳಿಗ್ಗೆ 200 ಕರೆಗೆ ಸರಾಸರಿ 20 ಸೆಕೆಂಡ್, ಸಂಜೆ 50 ಕರೆಗೆ 120 ಸೆಕೆಂಡ್ ಎಂದಾದರೆ ದಿನದ ಸರಾಸರಿ 70 ಅಲ್ಲ, 40. ಆದ್ದರಿಂದ ದಿನದ ಸಾರಾಂಶ ಕೋಷ್ಟಕದಲ್ಲಿ ಸರಾಸರಿಯನ್ನು ಉಳಿಸಬೇಡಿ, ಒಟ್ಟು ಸೆಕೆಂಡ್ ಮತ್ತು ಒಟ್ಟು ಕರೆ ಎರಡನ್ನೂ ಉಳಿಸಿ, ಭಾಗಾಕಾರ ಕೊನೆಗೆ ಮಾಡಿ.

ಸಿಬ್ಬಂದಿ ಎಷ್ಟು ಬೇಕು ಎಂಬ ತೀರ್ಮಾನವೂ ಇಲ್ಲಿಗೇ ಬಂದು ನಿಲ್ಲುತ್ತದೆ. ಕೋಪನ್‌ಹೇಗನ್‌ನ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎ. ಕೆ. ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರಗಳು ಇಂದಿಗೂ ಕಾಲ್ ಸೆಂಟರ್ ಯೋಜನೆಯ ಆಧಾರ. ಆ ಸೂತ್ರಕ್ಕೆ ಕೊಡಬೇಕಾದ್ದು ಬಂದ ಕರೆಗಳ ಹೊರೆ. ಎತ್ತಿದ ಕರೆಗಳನ್ನಷ್ಟೇ ಕೊಟ್ಟರೆ ಈಗಿರುವ ಸಿಬ್ಬಂದಿಯೇ ಸಾಕೆಂದು ಅದು ಹೇಳುತ್ತದೆ, ಏಕೆಂದರೆ ಈಗಿರುವವರು ಎತ್ತಲಾರದ್ದನ್ನು ಅದಕ್ಕೆ ತೋರಿಸಿಯೇ ಇಲ್ಲ. ಇಲ್ಲಿ ಒಂದು ಆಕ್ಷೇಪ ನ್ಯಾಯವಾದದ್ದು. ಬಿಟ್ಟುಹೋದ ಕರೆಗಳಲ್ಲಿ ತಪ್ಪಿ ಒತ್ತಿದವು, ಮಕ್ಕಳ ಕೈಯಲ್ಲಿ ಹೋದವು, ಅದೇ ಮನುಷ್ಯ ಐದು ಸಲ ಪ್ರಯತ್ನಿಸಿದ್ದು ಎಲ್ಲ ಸೇರಿರುತ್ತವೆ, ಅವನ್ನೆಲ್ಲ ಬೇಡಿಕೆ ಎನ್ನುವುದು ಹೇಗೆ ಎಂದು ವ್ಯವಸ್ಥಾಪಕರು ಕೇಳುತ್ತಾರೆ. ಸರಿ, ಐದು ಸೆಕೆಂಡಿನೊಳಗೆ ಕಟ್ ಆದವನ್ನು ಬೇರೆ ಸಾಲಿನಲ್ಲಿ ಇಡಿ. ಆದರೆ ಅಳಿಸಬೇಡಿ, ಐದು ಎಂಬ ಮಿತಿಯನ್ನು ವರದಿಯಲ್ಲೇ ಬರೆಯಿರಿ. ಅದೇ ನಂಬರಿನಿಂದ ಒಂದು ಗಂಟೆಯೊಳಗೆ ಬಂದ ಪ್ರಯತ್ನಗಳನ್ನು ಒಂದು ಗುಂಪಾಗಿ ಎಣಿಸಿ, ಆ ಗುಂಪಿಗೆ ಕೊನೆಗಾದರೂ ಉತ್ತರ ಸಿಕ್ಕಿತೇ ಎಂದು ನೋಡಿ. ನನಗೆ ಎಲ್ಲ ಅಂಕಿಗಳಲ್ಲಿ ಇದೇ ಮುಖ್ಯವೆನಿಸುತ್ತದೆ. ಕರೆಗಳ ಶೇಕಡಾವಾರು ಯಂತ್ರದ ಕತೆ ಹೇಳುತ್ತದೆ. ಎಷ್ಟು ಮಂದಿ ಕೊನೆಯವರೆಗೂ ಉತ್ತರವಿಲ್ಲದೆ ಉಳಿದರು ಎಂಬುದು ಜನರ ಕತೆ.

ಈಗ ಭಾಷೆಯ ಮಾತು. ಕರೆಯನ್ನು ರಾಜ್ಯವಾರು ಹಂಚುವ ಯಾವುದೇ ಸಹಾಯವಾಣಿ ಮಹಾರಾಷ್ಟ್ರ ಎಂದರೆ ಮರಾಠಿ ಎಂದು ತಾನೇ ಭಾವಿಸಿಕೊಳ್ಳುತ್ತದೆ. ಸಾಂಗಲಿಯಂಥ ಜಿಲ್ಲೆಯಲ್ಲಿ ಆ ಭಾವನೆ ಎಷ್ಟು ಕಡೆ ತಪ್ಪುತ್ತದೆ ಎಂದು ತಿಳಿಯಬೇಕಾದರೆ ಭಾಷೆಗೆ ಅದರದೇ ಅಂಕಣ ಬೇಕು. ಅದನ್ನು ತುಂಬುವ ಕೆಲಸ ಸಿಬ್ಬಂದಿಗೆ ಬೇಡ. ಕರೆ ಮಾಡಿದವರು ಭಾಷೆಗಾಗಿ ಒತ್ತಿದ ಗುಂಡಿಯನ್ನೇ ಯಂತ್ರ ದಾಖಲಿಸಲಿ, ಮಾತು ನಡೆದ ಭಾಷೆ ಬೇರೆಯಾದರೆ ಸಿಬ್ಬಂದಿ ಒಂದು ಕ್ಲಿಕ್‌ನಲ್ಲಿ ತಿದ್ದಲಿ. ಕೇಳಿದ ಭಾಷೆ, ಸಿಕ್ಕ ಭಾಷೆ ಎರಡೂ ಉಳಿಯಬೇಕು. ಮೊದಲು ಹೇಳಿದ ಎರಡನೆಯ ಬಗೆಯ ಕರೆ, ಎತ್ತಿದರೂ ಮುಟ್ಟದ ಕರೆ, ಕಣ್ಣಿಗೆ ಬೀಳುವುದು ಈ ಎರಡರ ನಡುವಿನ ಅಂತರದಲ್ಲಿ. ಒಟ್ಟು ಅಂಕಿ ಹೇಗೆ ಮರೆಮಾಡುತ್ತದೆ ಎಂಬುದಕ್ಕೆ ಇನ್ನೊಂದು ಕಲ್ಪಿತ ಲೆಕ್ಕ. ಸಾವಿರ ಕರೆ ಬಂದವು. ಮರಾಠಿ ಕೇಳಿದ 940ರಲ್ಲಿ 893ಕ್ಕೆ ಉತ್ತರ ಸಿಕ್ಕಿತು, ಅದು ಶೇ. 95. ಕನ್ನಡ ಕೇಳಿದ 60ರಲ್ಲಿ 15ಕ್ಕೆ ಸಿಕ್ಕಿತು, ಅದು ಶೇ. 25. ಒಟ್ಟು ವರದಿ ಶೇ. 90.8 ಎನ್ನುತ್ತದೆ, ನೋಡಿದವರು ತೃಪ್ತರಾಗುತ್ತಾರೆ. ಕನ್ನಡದವರಲ್ಲಿ ನಾಲ್ವರಲ್ಲಿ ಮೂವರು ಬರಿಗೈಯಲ್ಲಿ ಹೋದದ್ದು ಆ 90.8ರ ಒಳಗೆ ಹೂತುಹೋಗಿದೆ. ಅಲ್ಪಸಂಖ್ಯೆಯ ಗುಂಪನ್ನು ಬಿಡಿಸಿ ತೋರಿಸದ ಸರಾಸರಿ ಆ ಗುಂಪಿನ ಮಟ್ಟಿಗೆ ವರದಿಯೇ ಅಲ್ಲ.

ಜತ್ತ ಕಡೆಯವರಿಗೆ ಮರಾಠಿ ಬರುತ್ತದಲ್ಲ, ಸಂತೆಯಲ್ಲಿ, ತಹಸೀಲ್ ಕಚೇರಿಯಲ್ಲಿ ಮಾತಾಡುತ್ತಾರಲ್ಲ, ಪ್ರತ್ಯೇಕ ಲೆಕ್ಕ ಏಕೆ ಎಂದು ಕೇಳುವವರಿದ್ದಾರೆ. ಬರುತ್ತದೆ ನಿಜ, ಅನೇಕರಿಗೆ ಚೆನ್ನಾಗಿಯೇ ಬರುತ್ತದೆ. ಆದರೆ ದರ ಕೇಳುವ ಮರಾಠಿ ಬೇರೆ, ಎಲೆಯ ಕೆಳಗೆ ಕಂಡ ಬಿಳಿ ಬೂಷ್ಟಿನ ಬಣ್ಣ, ಅದು ಹರಡಿದ ರೀತಿ, ಹೋದ ವಾರ ಸಿಂಪಡಿಸಿದ ಔಷಧದ ಅಳತೆ ಇವನ್ನೆಲ್ಲ ಮುಖ ಕಾಣದವರಿಗೆ ಫೋನಿನಲ್ಲಿ ಬಿಡಿಸಿ ಹೇಳುವ ಮರಾಠಿ ಬೇರೆ. ಹಾವು ಕಚ್ಚಿದ ಹೊತ್ತಿನಲ್ಲಿ 108ಕ್ಕೆ ದಾರಿ ಹೇಳುವುದಂತೂ ಇನ್ನೂ ಬೇರೆ. ಅಷ್ಟಕ್ಕೂ ಯಾರಿಗೆ ಎಷ್ಟು ಬರುತ್ತದೆ ಎಂಬ ಚರ್ಚೆಯನ್ನು ಅಂಕಣವೇ ತೀರಿಸಬಲ್ಲದು. ಕನ್ನಡದ ಗುಂಡಿ ಇಟ್ಟು ಮೂರು ತಿಂಗಳು ನೋಡಿ, ಯಾರೂ ಒತ್ತದಿದ್ದರೆ ತೆಗೆಯಿರಿ. ಗುಂಡಿಯನ್ನೇ ಇಡದೆ ಬೇಡಿಕೆ ಇಲ್ಲ ಎನ್ನುವುದು ನ್ಯಾಯವಲ್ಲ.

ಊರನ್ನು ಗುರುತಿಸುವುದೂ ಗಡಿಯಲ್ಲಿ ಸುಲಭವಲ್ಲ. ಮೊಬೈಲ್ ನಂಬರಿನ ಮೊದಲ ನಾಲ್ಕು ಅಂಕಿ ನೋಡಿ ರಾಜ್ಯ ಹೇಳುವ ಹಳೆಯ ರೂಢಿ 2015ರ ಜುಲೈ 3ರಂದು ದೇಶವ್ಯಾಪಿ ನಂಬರ್ ಪೋರ್ಟಬಿಲಿಟಿ ಬಂದ ಮೇಲೆ ನೆಲ ಕಳೆದುಕೊಂಡಿತು, ಆದರೂ ಹಲವು ವರದಿಗಳಲ್ಲಿ ಇನ್ನೂ ಉಳಿದಿದೆ. ಟವರ್ ಕೂಡ ಪೂರ್ತಿ ನೆಚ್ಚಿಕೆಯದಲ್ಲ. 108 ತುರ್ತು ಸೇವೆ ಕರ್ನಾಟಕದಲ್ಲಿ 2008ರಿಂದ, ಮಹಾರಾಷ್ಟ್ರದಲ್ಲಿ 2014ರಿಂದ ಇದೆ, ಎರಡರದ್ದೂ ಬೇರೆ ಬೇರೆ ಕೇಂದ್ರ. ಗಡಿಯಂಚಿನ ಹೊಲದಲ್ಲಿ ನಿಂತ ಫೋನ್ ಆಚೆಯ ಟವರ್ ಹಿಡಿದರೆ ಕರೆ ಆಚೆಯ ರಾಜ್ಯದ ಕೇಂದ್ರಕ್ಕೆ ಹೋಗಬಹುದು. ಅಲ್ಲಿ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಮುಗಿಸಿದ ಕರೆಯೂ ಉತ್ತರಿಸಿದ ಕರೆಯೆಂದೇ ಎಣಿಕೆಯಾಗುವ ಸಂಭವವಿದೆ. ಇಂಥವಕ್ಕೆ ‘ವ್ಯಾಪ್ತಿಯ ಹೊರಗೆ’ ಎಂಬ ಬೇರೆ ವರ್ಗ ಬೇಕು, ಎಲ್ಲಿಗೆ ದಾಟಿಸಿದರು ಎನ್ನುವುದೂ ಬೇಕು. ಇನ್ನು ಊರಿನ ಹೆಸರು. ಕೈಯಲ್ಲಿ ಬರೆಯಲು ಬಿಟ್ಟರೆ ಬಿಳೂರ, ಬಿಳೂರು, ಬಿಲ್ಲೂರ, ಬೇಳೂರ ಎಂದು ಒಂದೇ ಊರು ನಾಲ್ಕಾಗುತ್ತದೆ. ಮರಾಠಿ, ಇಂಗ್ಲಿಷ್ ಕಾಗುಣಿತ ಸೇರಿದರೆ ಎಂಟಾಗುತ್ತದೆ. ಕೇಳಿಸಿಕೊಂಡವರು ಹಾಸನದ ಬೇಲೂರು ಎಂದು ಬರೆದುಬಿಟ್ಟರೂ ಆಶ್ಚರ್ಯವಿಲ್ಲ. ತಾಲೂಕಿನದೂ ಜತ್ತ, ಜತ್, ಜಾಟ್ ಎಂದು ಅದೇ ಪಾಡು. ಪಿನ್ ಕೋಡ್ ಹಲವು ಊರುಗಳಿಗೆ ಒಂದೇ ಇರುತ್ತದೆ. ಪ್ರತಿ ಊರಿಗೂ ಪ್ರತ್ಯೇಕ ಸಂಕೇತ ಸಂಖ್ಯೆ ಕೊಡುವ ಕೇಂದ್ರ ಸರ್ಕಾರದ ಎಲ್‌ಜಿಡಿ ಪಟ್ಟಿಯನ್ನು ತಂತ್ರಾಂಶದೊಳಗೆ ಇಟ್ಟು, ಜಿಲ್ಲೆ, ತಾಲೂಕು ಆರಿಸಿದ ಮೇಲೆ ಊರು ಆರಿಸುವಂತೆ ಮಾಡುವುದೇ ಸರಿಯಾದ ಉಪಾಯ. ತೆರೆಯ ಮೇಲೆ ಹೆಸರು ಯಾವ ಲಿಪಿಯಲ್ಲಿದ್ದರೂ ಡೇಟಾಬೇಸಿನಲ್ಲಿ ಉಳಿಯುವುದು ಸಂಖ್ಯೆ.

ರೋಗದ ಹೆಸರಿಗೂ ಇದೇ ಉಪಾಯ, ಒಂದು ಎಚ್ಚರಿಕೆಯೊಂದಿಗೆ. ತೇಲ್ಯಾ ಎಂದರೂ, ದುಂಡಾಣು ಅಂಗಮಾರಿ ಎಂದರೂ, ಬ್ಯಾಕ್ಟೀರಿಯಲ್ ಬ್ಲೈಟ್ ಎಂದರೂ ದಾಳಿಂಬೆಗೆ ತಗಲುವುದು ಒಂದೇ ರೋಗ. ದ್ರಾಕ್ಷಿಯ ಭುರಿಯೂ ಬೂದಿ ರೋಗವೂ ಒಂದೇ. ಸಂಕೇತ ಒಂದೇ ಇರಲಿ, ಹುಡುಕುವಾಗ ಎಲ್ಲ ಹೆಸರುಗಳಿಂದಲೂ ಸಿಗಲಿ. ಆದರೆ ರೈತ ಆಡಿದ ಶಬ್ದವನ್ನು ಎಸೆಯಬೇಡಿ, ಅದಕ್ಕೊಂದು ಸಣ್ಣ ಅಂಕಣ ಇರಲಿ. ಕಿಸಾನ್ ಕಾಲ್ ಸೆಂಟರಿನ ಕೋಷ್ಟಕದಲ್ಲಿ ಪ್ರಶ್ನೆಯ ಸಾರ ಹೆಚ್ಚಾಗಿ ಇಂಗ್ಲಿಷಿನ ನಾಲ್ಕಾರು ಶಬ್ದಗಳಲ್ಲಿ ಮುಗಿಯುತ್ತದೆ, ತೇಲ್ಯಾ ಎಂಬ ಮಾತು ಅಲ್ಲಿಗೆ ಬರುವಷ್ಟರಲ್ಲಿ ಕಳೆದುಹೋಗಿರುತ್ತದೆ. ಸೋಲಾಪುರದಲ್ಲಿ 2005ರಿಂದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವಿದೆ. ಯಾವ ತಾಲೂಕಿನಿಂದ ಯಾವ ವಾರ ತೇಲ್ಯಾ ಕರೆಗಳು ಏರಿದವು ಎಂಬ ನಿಖರ ವರದಿ ಅಂಥ ಸಂಸ್ಥೆಯ ಕೈಗೆ ಸಿಕ್ಕರೆ ಸಲಹೆ ಫೋನಿಗೆ ಕಾಯದೆ ಮೊದಲೇ ಹೊರಡಬಹುದು. ಸಿಬ್ಬಂದಿಗೆ ಇಷ್ಟೆಲ್ಲ ತುಂಬಲು ಪುರುಸೊತ್ತೆಲ್ಲಿ ಎನ್ನುವ ಮಾತು ನಿಜವಾದ ಕಷ್ಟದಿಂದ ಬಂದದ್ದು. ಪರಿಹಾರವೆಂದರೆ ಅಂಕಣ ಕಡಿಮೆ ಮಾಡುವುದು. ಯಂತ್ರಕ್ಕೆ ತಿಳಿದ ಹೊತ್ತು, ನಂಬರು, ಕಾಯುವಿಕೆ, ಭಾಷೆ ಇವನ್ನು ಮನುಷ್ಯರಿಂದ ಕೇಳಲೇಬಾರದು. ಆರು ತಿಂಗಳು ಯಾವ ವರದಿಯಲ್ಲೂ ಬಳಕೆಯಾಗದ ಅಂಕಣವನ್ನು ಕಿತ್ತುಹಾಕಿ. ಇಪ್ಪತ್ತು ಅಂಕಣ ಇಟ್ಟರೆ ಎಲ್ಲದರಲ್ಲೂ ‘ಇತರೆ’ ಎಂದೇ ಬೀಳುತ್ತದೆ. ಐದು ಇಟ್ಟರೆ ಐದೂ ನಿಜವಿರುತ್ತವೆ.

ಡೇಟಾಬೇಸಿನ ತಾಂತ್ರಿಕ ಶಿಸ್ತನ್ನು ಚುಟುಕಾಗಿ ಹೇಳುತ್ತೇನೆ. ಕರೆಗಳು ಬರುತ್ತಿರುವ ಡೇಟಾಬೇಸಿನ ಮೇಲೆಯೇ ತಿಂಗಳ ವರದಿ ಓಡಿಸಬೇಡಿ. ಭಾರಿ ಕ್ವೆರಿಯೊಂದು ಕೋಷ್ಟಕವನ್ನು ಹಿಡಿದಿಟ್ಟರೆ ಸಿಬ್ಬಂದಿಯ ತೆರೆ ನಿಂತು, ವರದಿಯೇ ಹೊಸ ಎತ್ತದ ಕರೆಗಳಿಗೆ ಕಾರಣವಾಗುತ್ತದೆ. ಓದಲಷ್ಟೇ ಬರುವ ಪ್ರತಿಯೊಂದನ್ನು ಬೇರೆ ಯಂತ್ರದಲ್ಲಿಡಿ. ಅಷ್ಟು ಹಣ ಸಣ್ಣ ಸಂಸ್ಥೆಗೆ ಎಲ್ಲಿಂದ ಎಂದರೆ, ಪೋಸ್ಟ್‌ಗ್ರೆಸ್‌ಕ್ಯೂಎಲ್, ಮೈಎಸ್‌ಕ್ಯೂಎಲ್ ಎರಡೂ ಪುಕ್ಕಟೆ ಸಿಗುತ್ತವೆ, ರಾತ್ರಿಯ ಬ್ಯಾಕಪ್ಪನ್ನು ಕಚೇರಿಯ ಸಾಧಾರಣ ಕಂಪ್ಯೂಟರಿನಲ್ಲಿ ತೆರೆದಿಟ್ಟರೂ ತಿಂಗಳ ವರದಿಗೆ ಸಾಕು. ಸಮಯವನ್ನು ಅನೇಕ ವ್ಯವಸ್ಥೆಗಳು ಗ್ರೀನಿಚ್ ಲೆಕ್ಕದ ಯುಟಿಸಿಯಲ್ಲಿ ಉಳಿಸುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಬೆಳಿಗ್ಗೆ 6ಕ್ಕೆ ತೆರೆದು ರಾತ್ರಿ 10ಕ್ಕೆ ಮುಚ್ಚುವ ಕಿಸಾನ್ ಕಾಲ್ ಸೆಂಟರಿನಂಥದಕ್ಕೆ ಇದರಿಂದ ದಿನಾಂಕ ಬದಲಾಗದು. 108ರಂಥ ಇಡೀ ದಿನದ ಸೇವೆಯಲ್ಲಿ ಮಾತ್ರ ನಡುರಾತ್ರಿಯಿಂದ ಬೆಳಗಿನ 5.30ರವರೆಗಿನ ಕರೆಗಳೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಬೀಳುತ್ತವೆ. ಹೊರಬಿದ್ದ ತಿಂಗಳ ವರದಿಯ ಅಂಕಿಗಳನ್ನು ಹಾಗೇ ಕಾಪಿಟ್ಟು, ತಿದ್ದುಪಡಿ ಬಂದರೆ ದಿನಾಂಕ ಹಾಕಿ ಬೇರೆ ಕೊಡಿ.

ದೂರುಗಳ ವಿಷಯದಲ್ಲಿ ಎತ್ತದ ಕರೆಯ ತಮ್ಮನೊಬ್ಬನಿದ್ದಾನೆ, ಮುಗಿಯದ ದೂರು. ‘ಸರಾಸರಿ ಎರಡು ದಿನದಲ್ಲಿ ಪರಿಹಾರ’ ಎಂಬ ಸಾಲು ಮುಗಿದ ದೂರುಗಳ ಸರಾಸರಿ. ಸುಟ್ಟ ಟ್ರಾನ್ಸ್‌ಫಾರ್ಮರಿನ ದೂರು ನಲವತ್ತು ದಿನದಿಂದ ತೆರೆದೇ ಇದ್ದರೆ ಅದು ಆ ಸರಾಸರಿಗೆ ಇನ್ನೂ ಕಾಲಿಟ್ಟಿಲ್ಲ. ಎಲ್ಲಿಯವರೆಗೆ ಪರಿಹಾರವಾಗುವುದಿಲ್ಲವೋ ಅಲ್ಲಿಯವರೆಗೆ ವರದಿ ಹೊಳೆಯುತ್ತಿರುತ್ತದೆ. ಮಾರ್ಚ್‌ನಲ್ಲಿ ಬಂದ ನೂರು ದೂರುಗಳನ್ನು ಒಂದು ಗುಂಪಾಗಿ ಹಿಡಿದು, ಏಳು ದಿನಕ್ಕೆ ಎಷ್ಟು ಮುಗಿದವು, ಮೂವತ್ತು ದಿನಕ್ಕೆ ಎಷ್ಟು, ಇಂದಿಗೂ ಎಷ್ಟು ಬಾಕಿ ಎಂದು ತೋರಿಸಿದರೆ ಈ ಮೋಸ ನಡೆಯದು. ಬಾಕಿಯಲ್ಲಿ ಎಲ್ಲಕ್ಕಿಂತ ಹಳೆಯದು ಎಷ್ಟು ದಿನದ್ದು ಎಂಬ ಒಂದೇ ಅಂಕಿ ಮೇಲಧಿಕಾರಿಯ ಮೇಜಿನ ಮೇಲೆ ದಿನವೂ ಇರಬೇಕು.

ಇಷ್ಟೆಲ್ಲ ಅಳೆದರೆ ಸಿಬ್ಬಂದಿ ಅಳತೆಗೆ ತಕ್ಕ ಹಾಗೆ ಆಟ ಆಡುತ್ತಾರೆ ಎಂಬುದು ಅನುಭವಿಗಳ ಆಕ್ಷೇಪ, ಗಟ್ಟಿಯಾದ ಆಕ್ಷೇಪ. ಕರೆಯನ್ನು ಬೇಗ ಮುಗಿಸಿದವರಿಗೆ ಮೆಚ್ಚುಗೆ ಎಂದರೆ ಕಷ್ಟದ ಕರೆಗಳನ್ನು ಕಟ್ ಮಾಡುತ್ತಾರೆ. ದೂರು ಮುಚ್ಚಿದವರಿಗೆ ಅಂಕ ಎಂದರೆ ಕೆಲಸವಾಗದೆಯೂ ಮುಚ್ಚುತ್ತಾರೆ. ಮೊಬೈಲ್ ಕಂಪನಿಗಳ ಗ್ರಾಹಕ ಸೇವೆಯಲ್ಲಿ ಶೇ. 95ರಷ್ಟು ಕರೆಗಳಿಗೆ 90 ಸೆಕೆಂಡಿನೊಳಗೆ ಮನುಷ್ಯರೇ ಉತ್ತರಿಸಬೇಕೆಂದು ಟ್ರಾಯ್ ಮಾನದಂಡ ಇಟ್ಟಾಗಲೂ, ಮನುಷ್ಯರನ್ನು ಕೇಳುವ ಗುಂಡಿಯನ್ನು ಎಷ್ಟು ಆಳದಲ್ಲಿ ಇಡುತ್ತಾರೆ ಎಂಬ ಪ್ರಶ್ನೆ ಉಳಿಯುತ್ತದೆ. ಅಳತೆಯನ್ನು ಬಿಟ್ಟರೆ ಇದಕ್ಕೆ ಉತ್ತರ ಸಿಗದು, ಜೋಡಿ ಅಳತೆ ಇಟ್ಟರೆ ಸಿಗುತ್ತದೆ. ಕರೆಯ ಅವಧಿಯ ಪಕ್ಕದಲ್ಲಿ ಅದೇ ವ್ಯಕ್ತಿ ಮೂರು ದಿನದೊಳಗೆ ಮತ್ತೆ ಕರೆ ಮಾಡಿದರೇ ಎಂಬುದು, ಮುಚ್ಚಿದ ದೂರಿನ ಪಕ್ಕದಲ್ಲಿ ಮತ್ತೆ ತೆರೆದ ದೂರು, 90 ಸೆಕೆಂಡಿನ ಪಕ್ಕದಲ್ಲಿ ಧ್ವನಿ ಸೂಚನೆಯ ನಡುವೆಯೇ ಬಿಟ್ಟುಹೋದವರ ಎಣಿಕೆ. ಒಂದನ್ನು ತಿರುಚಿದರೆ ಇನ್ನೊಂದು ಹೇಳಿಕೊಡುತ್ತದೆ.

ಖಾಸಗಿತನದ ಬಗ್ಗೆ ಒಂದು ಮಾತು ತಪ್ಪದೆ ಹೇಳಬೇಕು. ವರದಿ ನೋಡುವವರಿಗೆ ಫೋನ್ ನಂಬರಿನ ಅಗತ್ಯವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಂತರ ಇದನ್ನು ಸೌಜನ್ಯವೆಂದಷ್ಟೇ ಕಾಣುವಂತಿಲ್ಲ. ನಂಬರನ್ನು ಹ್ಯಾಶ್ ಮಾಡಿದೆವು, ಇನ್ನು ಚಿಂತೆಯಿಲ್ಲ ಎನ್ನುವವರು ಗಮನಿಸಬೇಕು: 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ನಂಬರುಗಳು ಒಟ್ಟು 400 ಕೋಟಿ, ಅಷ್ಟನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ಹೋಲಿಸುವುದು ಇಂದಿನ ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ. ಗುಟ್ಟಿನ ಕೀಲಿ ಸೇರಿಸಿ ಮಾಡಿ, ಇಲ್ಲವೇ ಒಳಗಿನ ಕ್ರಮಸಂಖ್ಯೆ ಕೊಡಿ. ಸಣ್ಣ ಊರಿನಲ್ಲಿ ಅಂಕಿಯೇ ಹೆಸರಾಗುವ ಅಪಾಯವೂ ಇದೆ. ಊರಿನ ಹೆಸರು, ದಿನಾಂಕ, ‘ವಿಷ ಸೇವನೆ: 1’ ಎಂದು ಬರೆದರೆ ಊರಿಗೆಲ್ಲ ಅದು ಯಾರೆಂದು ಗೊತ್ತಾಗುತ್ತದೆ. ಊರಿನ ಮಟ್ಟದಲ್ಲಿ ಐದಕ್ಕಿಂತ ಕಡಿಮೆ ಇರುವ ಸೂಕ್ಷ್ಮ ಅಂಕಿಗಳನ್ನು ಪ್ರಕಟಿಸದೆ ತಾಲೂಕಿನ ಮಟ್ಟಕ್ಕೆ ಕೂಡಿಸಿ. ಶೇಕಡಾವಾರು ಕೊಟ್ಟಲ್ಲೆಲ್ಲ ಎಷ್ಟರಲ್ಲಿ ಎಷ್ಟು ಎಂಬುದನ್ನೂ ಕೊಡಿ. ನಾಲ್ಕು ಕರೆಯಲ್ಲಿ ಒಂದು ತಪ್ಪಿದರೂ ಅದು ಶೇ. 25.

ವರದಿ ಬರೆಯುವವರಲ್ಲದೆ ಅದನ್ನು ಕೇಳಿ ಪಡೆಯುವವರಿಗೂ ಇದರಲ್ಲಿ ಕೆಲಸವಿದೆ. ಸರ್ಕಾರಿ ಸಹಾಯವಾಣಿಗಳ ಅಂಕಿಅಂಶವನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಯಾವ ನಾಗರಿಕರೂ ಕೇಳಬಹುದು. ಹೇಗೆ ಕೇಳುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ. ‘ನಮ್ಮ ತಾಲೂಕಿಗೆ ಎಷ್ಟು ಕರೆಗೆ ಉತ್ತರ ಕೊಟ್ಟಿದ್ದೀರಿ’ ಎಂದು ಕೇಳಿದರೆ ಒಂದು ದೊಡ್ಡ ಅಂಕಿ ಬರುತ್ತದೆ, ಅದರಿಂದ ಏನೂ ತಿಳಿಯದು. ‘ಇಂಥ ತಿಂಗಳಿನಲ್ಲಿ ಸಾಂಗಲಿ ಜಿಲ್ಲೆಯಿಂದ ಬಂದ ಒಟ್ಟು ಕರೆ ಎಷ್ಟು, ಅದರಲ್ಲಿ ಸಿಬ್ಬಂದಿ ಮಾತಿಗೆ ಸಿಕ್ಕಿದ್ದು ಎಷ್ಟು, ಕಾಯುತ್ತಾ ಕಟ್ ಆದದ್ದು ಎಷ್ಟು, ಪ್ರತಿಯೊಂದನ್ನೂ ಗಂಟೆವಾರು ಮತ್ತು ಕೇಳಿದ ಭಾಷೆವಾರು ಕೊಡಿ, ಭಾಷೆ ದಾಖಲಿಸುವ ಅಂಕಣ ನಿಮ್ಮ ಡೇಟಾಬೇಸಿನಲ್ಲಿ ಇದೆಯೇ ತಿಳಿಸಿ’ ಎಂದು ಗ್ರಾಮ ಪಂಚಾಯಿತಿಯ ಸದಸ್ಯರೊಬ್ಬರೋ ರೈತ ಸಂಘದವರೊಬ್ಬರೋ ತಮ್ಮ ಹೆಸರಿನಲ್ಲಿ ಬರೆದರೆ, ಕೊನೆಯ ಪ್ರಶ್ನೆಗೆ ಬರುವ ‘ಇಲ್ಲ’ ಎಂಬ ಉತ್ತರವೂ ಕೆಲಸಕ್ಕೆ ಬರುವ ದಾಖಲೆಯೇ. ಕಚೇರಿಯ ಒಳಗಿದ್ದು ವರದಿ ತೆಗೆಯುವವರು ಅಂಥ ಅರ್ಜಿಗೆ ಕಾಯಬೇಕಾಗಿಲ್ಲ. ನಿನ್ನೆಯ ಒಂದು ದಿನದ ಕ್ಯೂ ಲಾಗ್ ತೆರೆದು, ಎಂಟರ್‌ಕ್ಯೂ ಇದ್ದು ಕನೆಕ್ಟ್ ಇಲ್ಲದ ಕರೆಗಳನ್ನು ಗುರುತು ಹಾಕಿ, ಅವರಲ್ಲಿ ಮತ್ತೆ ಸಂಪರ್ಕಕ್ಕೆ ಸಿಗದೆ ಉಳಿದವರ ಪಟ್ಟಿಯನ್ನು ತಿರುಗಿ ಫೋನ್ ಮಾಡುವ ಸಿಬ್ಬಂದಿಗೆ ಬೆಳಿಗ್ಗೆಯೇ ಕೊಡಬಹುದು, ಯಾರು ಯಾವ ಭಾಷೆಯ ಗುಂಡಿ ಒತ್ತಿದ್ದರು ಎಂದು ಪಕ್ಕದಲ್ಲಿ ಬರೆದು.